ಎರಡನೇ ಸ್ಕ್ಯಾನು

ನಾವೆಲ್ಲ ಕಾಕು ಎನ್ನುತ್ತಿದ್ದ ಪಕ್ಕದ ಮನೆಯಾಕೆಯ ಎಡಗೈ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಂತಾಗಿತ್ತು. ಇಳಕಲ್ಲಿನ ನಮ್ಮ ಓಣಿಯ ಹೆಣ್ಣುಮಕ್ಕಳಿಗೆಲ್ಲ ಕುಪ್ಪಸ ಹೊಲಿದ ಬೆರಳು ಅದು. ಟೇಪು ಹಿಡಿಯುವುದು ಒಂದೇ ಸಲ. ಆಮೇಲೆ ನಾವು ದಪ್ಪಗಾದರೆ ಬಾಗಿಲಲ್ಲಿ ನಿಂತದ್ದನ್ನು ನೋಡಿಯೇ, "ಅರ್ಧ ಇಂಚು ಬಿಡ್ತೇನಿ, ನಿನ್ನ ಗಂಡಗ ಹೇಳಂಗಿಲ್ಲ" ಎಂದು ನಗುತ್ತಿದ್ದರು. ಉಳಿದ ಖಣದ ಬಟ್ಟೆಯ ಚೂರನ್ನು ಮಡಚಿ ವಾಪಸು ಕೊಡುತ್ತಿದ್ದರು.

ಅವರ ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾದಾಗ ಬಾಗಲಕೋಟೆಗೆ ಜೊತೆಗೆ ಹೋದವಳು ನಾನು. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಕಾಗದ ಓದುತ್ತಾಳೆಂದು ಕರೆದಿದ್ದರು. ಎಕ್ಸ್‌ರೇ, ಸೋನೋಗ್ರಾಫಿ ಆಗಿದ್ದವು. ಡಾಕ್ಟರು ಸಿಟಿ ಸ್ಕ್ಯಾನ್ ನೋಡದೆ ಆಪರೇಷನ್ ಇಲ್ಲ ಎಂದರು. ಆಪರೇಷನ್ನಿಗೆ ಸರ್ಕಾರದ ಆರೋಗ್ಯ ಕಾರ್ಡು ನಡೆಯುತ್ತದೆ, ಸ್ಕ್ಯಾನಿಗೆ ಕೈಯಿಂದ ಕಟ್ಟಬೇಕು ಎಂದರು ಕೌಂಟರಿನವರು. ಹೊಸ ಹೊಲಿಗೆ ಮಷೀನಿಗೆಂದು ಕೂಡಿಟ್ಟದ್ದನ್ನು ಕಾಕು ಕಟ್ಟಿದರು.

ಫಾರ್ಮು ತುಂಬಿದ್ದು ನಾನೇ. ಮೈಮೇಲೆ ಲೋಹದ ವಸ್ತು ಇದೆಯೇ ಎಂಬ ಸಾಲಿತ್ತು. ಅವರ ಗಿಲೀಟಿನ ಬಳೆ, ಓಲೆ, ಕಾಲುಂಗುರ ನನ್ನ ಪರ್ಸಿನಲ್ಲಿದ್ದವು. ಇಲ್ಲ ಎಂದು ಬರೆದೆ. ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ನನಗೂ ನೆನಪಾಗಲಿಲ್ಲ, ಅವರಿಗೂ ಇಲ್ಲ. ಲಿಂಗವನ್ನು ಒಡವೆಯೊಳಗೆ ಯಾರು ಎಣಿಸುತ್ತಾರೆ?

ಸ್ಕ್ಯಾನಿನ ಹುಡುಗಿ ಹೊರಗೆ ಬಂದು ಸಿಡುಕಿದಳು. "ಇಲ್ಲ ಅಂತ ಬರ್ದೀರಲ್ರಿ! ಎದಿ ಮ್ಯಾಲೆ ಬರೇ ಬಿಳೀ ಗೆರಿ ಬಂದಾವ. ಇನ್ನೊಮ್ಮೆ ತೆಗೀಬೇಕಂದ್ರ ಮತ್ತ ರೊಕ್ಕ ಕಟ್ಟಬೇಕ್ರಿ."

"ಲಿಂಗ ಮೈಯಿಂದ ತೆಗಿಯಂಗಿಲ್ಲ ಯವ್ವಾ," ಎಂದರು ಕಾಕು.

"ತೆಗೀಬ್ಯಾಡ್ರಿ. ಬಟ್ಟಿಯಾಗ ಸುತ್ತಿ ಅಂಗೈಯಾಗ ಹಿಡ್ಕೊಳ್ರಿ. ಕೈ ಹೆಂಗೂ ತಲಿ ಮ್ಯಾಲೆ ಎತ್ತಿರ್ತೀರಿ."

ಅಷ್ಟು ಸುಲಭವಿತ್ತು. ಆದರೆ ಕಾಕುವಿನ ಚೀಲದಲ್ಲಿ ಬಸ್ಸಿನ ದುಡ್ಡಷ್ಟೇ ಉಳಿದಿತ್ತು. ಊರಿನ ಬಸ್ಸು ಹತ್ತಿದೆವು. ಕಮತಗಿ ದಾಟಿದ ಮೇಲೆ ಕಾಕು, "ನಾ ಒಮ್ಮೆ ಅಳತಿ ತಗೊಂಡ್ರ ಹತ್ತು ವರ್ಷ ಹೊಲೀತೇನಿ. ಇವ್ರದು ಬರೇ ಅಳಿಯೂದ ಆತು. ಹೊಲಿಯೂದು ಯಾವಾಗ?" ಎಂದರು. ನಾನು ತಪ್ಪಾಯಿತು ಎಂದೆ. "ನಂದೂ ತಪ್ಪ ಐತಿ, ಬಿಡ," ಎಂದರು.

ಇನ್ನೊಂದು ಸ್ಕ್ಯಾನಿನ ದುಡ್ಡು ಕೂಡಲು ಆರು ವಾರ ಬೇಕಾಯಿತು. ಮದುವೆಗಳ ಕಾಲ. ಗೋಡೆಯಾಚೆಯಿಂದ ಮಷೀನಿನ ಸದ್ದು ಕೇಳುತ್ತಲೇ ಇತ್ತು. ನಡುನಡುವೆ ನಿಲ್ಲುತ್ತಿತ್ತು, ಬರಬರುತ್ತಾ ಹೆಚ್ಚು ಹೊತ್ತು.

ಎರಡನೇ ಸ್ಕ್ಯಾನು ಸ್ವಚ್ಛವಾಗಿ ಬಂತು. ಡಾಕ್ಟರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಶ್ವಾಸಕೋಶಕ್ಕೂ ಹರಡಿದೆ, ಇನ್ನು ಆಪರೇಷನ್ನಿನಿಂದ ಉಪಯೋಗವಿಲ್ಲ ಎಂದರು. ಆರು ವಾರದ ಹಿಂದೆಯೇ ಆಗಿದ್ದರೆ ಎಂದು ನಾನು ಕೇಳಹೋದೆ. "ಹೇಳಲಾಗದು" ಎಂದರು.

"ಏನಂದ್ರವಾ? ಖರೆ ಹೇಳ," ಎಂದರು ಕಾಕು. ಒಂದು ಮಾತೂ ಬಿಡದೆ ಹೇಳಿದೆ.

ಅವರು ಸೆರಗು ಸರಿಮಾಡಿಕೊಂಡರು. "ಹಂಗಾರ ಮಂದಿ ಅರಿವಿ ಹೊಲ್ದು ಮೊದ್ಲ ಮುಗಿಸಬೇಕು."

ಮುಗಿಸಿದರು. ಶ್ರಾವಣ ಹಿಡಿಯುವ ಮೊದಲು ಹೋದರು. ಅವರ ಮನೆಯಲ್ಲಿ ಯಾರ ಬಟ್ಟೆಯೂ ಹೊಲಿಯದೆ ಉಳಿದಿರಲಿಲ್ಲ.

ಆ ಆರು ವಾರವೂ ನನ್ನ ಕೈಯಲ್ಲಿ ಎರಡು ಬಂಗಾರದ ಬಳೆಗಳಿದ್ದವು. ಒತ್ತೆ ಇಡಲೇ ಎಂದು ಮನೆಯವರನ್ನು ಕೇಳಲು ಸಂಕೋಚಪಟ್ಟು ಸುಮ್ಮನಿದ್ದೆ. ಕಾಕು ಒಮ್ಮೆಯೂ ಅವುಗಳ ಕಡೆ ನೋಡಲಿಲ್ಲ.