ಹತ್ತು ವರ್ಷದ ಕೈಯನ್ನು ನಕಲು ಮಾಡಿದ ದರ್ಜಿ

ಡಿಸೆಂಬರ್ 9, ಮಂಗಳವಾರ, ಬೆಳಗಿನ ಐದು ಗಂಟೆ ಹತ್ತು ನಿಮಿಷ. ನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಮೆಟ್ಟಿಲ ಕೆಳಗಿನ ಅಂಗಡಿಯ ಶಟರ್ ಅರ್ಧಕ್ಕೆ ಏರುತ್ತದೆ. ಒಳಗೆ ಎಡಗಡೆ ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತದೆ, ಬಲಗಡೆ ತಾಗುವುದಿಲ್ಲ. ಅಗಲ 1.6 ಮೀಟರ್, ಉದ್ದ 2.3. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಂದವರು ಬಟ್ಟೆ ಹಾಕಿ ನೋಡಿಕೊಳ್ಳಲೆಂದು ಮೂಲೆಗೆ ಕಟ್ಟಿದ ಪರದೆ. ದರ್ಜಿ ದೀಪ ಹಾಕಿದ ಕೂಡಲೇ ಕೆಲಸಕ್ಕೆ ಕೂರುವುದಿಲ್ಲ, ಮೊದಲು ಕೈ ಉಜ್ಜಿಕೊಳ್ಳುತ್ತಾರೆ. ಬಲ ಹೆಬ್ಬೆರಳಿನ ಬುಡದ ಕೀಲು ಚಳಿಗೆ ಬಿಗಿದುಕೊಂಡಿರುತ್ತದೆ. ಅದು ಸಡಿಲಾಗಲು ಹತ್ತು ನಿಮಿಷ ಬೇಕು.

ಮೇಜಿನ ಮೇಲೆ ಒಂದೇ ಅಳತೆಗೆ ಕತ್ತರಿಸಿದ ದಪ್ಪ ಉಣ್ಣೆಬಟ್ಟೆಯ ತುಂಡುಗಳಿವೆ. ಪ್ರತಿ ತುಂಡಿನ ಅಂಚಿಗೂ ಆರು ಮಿಲಿಮೀಟರಿಗೊಂದು ಚುಕ್ಕೆ ಇಟ್ಟು, ಚುಕ್ಕೆಯ ಮೇಲೆ ದಬ್ಬಣದಿಂದ ತೂತು ಮಾಡುತ್ತಾರೆ. ಎರಡು ತುಂಡು, ಒಂದೂಕಾಲು ಮೀಟರ್ ದಾರ, ಮೊಂಡು ತುದಿಯ ಒಂದು ಸೂಜಿ. ಇಷ್ಟು ಒಂದು ಲಕೋಟೆಗೆ. ಮಗು ತಾನೇ ಹೊಲಿದುಕೊಂಡರೆ ಟೀಚರಿಗೆ ಕನ್ನಡಕದ ಚೀಲವೋ, ಅಜ್ಜಿಗೆ ಸೂಜಿ ಚುಚ್ಚಿಡುವ ದಿಂಬೋ, ಗೆಳತಿಗೆ ಪೆನ್ಸಿಲ್ ಚೀಲವೋ ಆಗುತ್ತದೆ. ಕ್ರಿಸ್‌ಮಸ್‌ಗೆ ಇನ್ನು ಹದಿನಾರು ದಿನ. ಈವರೆಗೆ ಹೋಗಿರುವ ಲಕೋಟೆಗಳು ಇಪ್ಪತ್ತಮೂರು. ಕಳೆದ ವರ್ಷ ಇದೇ ದಿನದ ಹೊತ್ತಿಗೆ ಈ ಅಂಗಡಿಯಿಂದ ಪೂರ್ತಿ ಹೊಲಿದ ಉಡುಗೊರೆಗಳು ಅರವತ್ತನಾಲ್ಕು ಹೋಗಿದ್ದವು. ಅಷ್ಟನ್ನೂ ಮಕ್ಕಳು "ನಾನೇ ಮಾಡಿದ್ದು" ಎಂದು ಹೇಳಿ ಕೊಟ್ಟಿದ್ದರು.

"ಪೇಪರಲ್ಲಿ ಎಲೆಮರೆಯ ಕಾಯಿ ಅಂತ ಹಾಕ್ತೀರಾ?" ದರ್ಜಿ ತಲೆ ಎತ್ತದೆ ಕೇಳುತ್ತಾರೆ. "ನಾನು ಮರೇಲಿ ಕೂತಿದ್ದು ಸಂಕೋಚಕ್ಕಲ್ಲ ಸಾರ್, ಸಿಕ್ಕಿಬೀಳಬಾರ್ದು ಅಂತ. ನಾಚಿಕೆ ಆಮೇಲೆ ಬಂತು. ಹಾಕೋದಾದ್ರೆ ಅದನ್ನೂ ಹಾಕಿ."

ಅವರಿಗೀಗ ಐವತ್ತೊಂದು. ಇಪ್ಪತ್ತೆರಡು ವರ್ಷ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಮಾತ್ರ ಹೊಲಿದರು. ಪೂರ್ತಿ ಅಂಗಿಯನ್ನು ಅಲ್ಲಿ ಒಮ್ಮೆಯೂ ಕೈಯಲ್ಲಿ ಹಿಡಿಯಲಿಲ್ಲವಂತೆ. ಎಂಟು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಈಚೆಗೆ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಸೊಂಟ ಬಿಡಿಸುವುದು. ದಿನಕ್ಕೆ ಸರಾಸರಿ ಹದಿನಾಲ್ಕು ಪ್ಯಾಂಟು, ಐದು ಜಿಪ್ಪು. ಹೆಂಡತಿ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆಗಳ ಇಸ್ತ್ರಿ ಮಾಡುತ್ತಾರೆ. ಒಬ್ಬಳೇ ಮಗಳು, ಈಗ ಹನ್ನೊಂದು ವರ್ಷ.

ಉಡುಗೊರೆಯ ಕೆಲಸ ಶುರುವಾದದ್ದು ಒಂದು ಗಾಯದಿಂದ. ಆರು ವರ್ಷದ ಹಿಂದೆ ನವೆಂಬರ್ ಕೊನೆಯಲ್ಲಿ ಯಂತ್ರದ ಸೂಜಿ ಬಲ ತೋರುಬೆರಳಿಗೆ ಇಳಿಯಿತು. ಮೂರು ವಾರ ಪಟ್ಟಿ. ಮೂರನೆಯ ಮಹಡಿಯ ಹೆಂಗಸೊಬ್ಬರು ಕ್ರಿಸ್‌ಮಸ್‌ಗೆ ತಂಗಿಗೆ ಕೊಡಲೆಂದು ಒಂದು ಪುಟ್ಟ ಚೀಲ ಹೇಳಿಹೋಗಿದ್ದರು. ಮಾತು ತಪ್ಪಬಾರದೆಂದು ಇವರು ಅದನ್ನು ಎಡಗೈಯಲ್ಲಿ ಹೊಲಿದರು. ಚೀಲ ನೋಡಿ ಆಕೆ ಬೈಯುತ್ತಾರೆ ಎಂದುಕೊಂಡರೆ ನಕ್ಕುಬಿಟ್ಟರು. ತನ್ನ ಮಗನೇ ಹೊಲಿದ ಹಾಗಿದೆ ಎಂದರು. ಮಗನ ಶಾಲೆಯಲ್ಲಿ ಟೀಚರುಗಳಿಗೆ ಅಂಗಡಿಯ ಉಡುಗೊರೆ ತರಬಾರದು, ಕೈಯಾರೆ ಮಾಡಿದ್ದೇ ಆಗಬೇಕು ಎಂದಿದ್ದರು. ಮಗನಿಗೆ ಜ್ವರ. ಇಂಥದೇ ಇನ್ನೊಂದು ಆಗುತ್ತದೆಯೇ ಎಂದು ಕೇಳಿದರು. ಮರುದಿನ ಇನ್ನಿಬ್ಬರು ತಾಯಂದಿರು ಬಂದರು. ಅವರ ಮಕ್ಕಳಿಗೆ ಜ್ವರವಿರಲಿಲ್ಲ.

ಮುಂದಿನ ವರ್ಷದ ಹೊತ್ತಿಗೆ ಬೆರಳು ವಾಸಿಯಾಗಿತ್ತು, ಎಡಗೈ ಮಾತ್ರ ಕೆಲಸ ಬಿಡಲಿಲ್ಲ. ಆದರೆ ಅದರಲ್ಲೊಂದು ಕೊರತೆ ಇರುವುದನ್ನು ದರ್ಜಿ ತಾವೇ ಕಂಡುಕೊಂಡರು. ದೊಡ್ಡವರ ಎಡಗೈ ಕೆಟ್ಟದಾಗಿ ಹೊಲಿಯುತ್ತದೆ, ಆದರೆ ಒಂದೇ ಸಮನೆ ಕೆಟ್ಟದಾಗಿ. ಮಕ್ಕಳ ಹೊಲಿಗೆ ಹಾಗಲ್ಲ. ಮೊದಲ ಹತ್ತು ಹೊಲಿಗೆ ಬಹಳ ಹುಷಾರಾಗಿ ಬೀಳುತ್ತವೆ. ನಡುವೆ ಬೇಸರ ಬಂದು ಕಾಲು ಚಾಚುತ್ತವೆ. ಕೊನೆಗೆ ದಾರ ಸಾಲದಾಗಿ ಒಂದರ ಮೇಲೊಂದು ಕೂರುತ್ತವೆ. ಇದನ್ನು ಅವರು ಕಲಿತದ್ದು ಮನೆಯಲ್ಲೇ. ಮಗಳು ಆಗ ಆರು ವರ್ಷದವಳು, ಚಿಂದಿ ಬಟ್ಟೆ ಹಿಡಿದು ಅಪ್ಪನ ಕಾಲ ಬಳಿ ಕೂತು ಹೊಲಿಯುತ್ತಿದ್ದಳು. ಪ್ರತಿ ವರ್ಷ ಅವಳು ಹೊಲಿದ ಒಂದು ತುಂಡನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಟ್ಟರು. ಆರರ ಕೈ, ಏಳರ ಕೈ, ಎಂಟರ ಕೈ. ತಾಯಂದಿರು ಬಂದಾಗ ಮಗುವಿನ ವಯಸ್ಸು ಕೇಳುವುದು, ಡಬ್ಬಿಯಿಂದ ಆ ವಯಸ್ಸಿನ ತುಂಡು ತೆಗೆದು ಮುಂದಿಟ್ಟುಕೊಂಡು ಹಾಗೆಯೇ ಹೊಲಿಯುವುದು.

ಚೆನ್ನಾಗಿ ಹೊಲಿದರೆ ಕನ್ನಡಕದ ಚೀಲ ಇಪ್ಪತ್ತು ನಿಮಿಷದ ಕೆಲಸ. ಮಗುವಿನ ಹಾಗೆ ಹೊಲಿಯಲು ನಲವತ್ತೆಂಟು ನಿಮಿಷ ಹಿಡಿಯುತ್ತಿತ್ತು. ಡಿಸೆಂಬರಿನಲ್ಲಿ ಮನೆಗೆ ಬರುವಾಗ ತಡವಾಗುತ್ತಿತ್ತು. ಹೆಂಡತಿ ತಟ್ಟೆ ಇಡುತ್ತ, ಇವತ್ತು ಊಟಕ್ಕೆ ಎಷ್ಟು ವರ್ಷದೋರು ಬಂದಿದ್ದೀರಿ ಎಂದು ಕೇಳುತ್ತಿದ್ದರಂತೆ. ಇವರು ಏಳು ಎಂದರೆ, ಹಾಗಾದರೆ ಚೆಲ್ಲದ ಹಾಗೆ ತಿನ್ನಿ ಎನ್ನುವುದು. ಹೇಳುವಾಗ ದರ್ಜಿ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಅವರು ಮಾಡಿದ ತಪ್ಪು, ವಿಜ್ಞಾನ ಓದಿದವರು ಮೊದಲ ವರ್ಷದ ಪ್ರಯೋಗಾಲಯದಲ್ಲಿ ಮಾಡಿ ಬೈಸಿಕೊಳ್ಳುವಂಥದು. ಒಂದೇ ಮಾದರಿಯನ್ನು ನೋಡಿ ಎಲ್ಲಕ್ಕೂ ಅದೇ ನಿಯಮ ಎಂದುಕೊಂಡರು. ಮಗಳಿಗೆ ಹೊಲಿಗೆ ಬಿಚ್ಚಿಹೋದೀತು ಎಂಬ ಭಯ ಮೊದಲಿಂದಲೂ ಇತ್ತು. ಹಾಗಾಗಿ ಅವಳು ಕೊನೆಯಲ್ಲಿ ಒಂದೇ ಜಾಗಕ್ಕೆ ಮೂರು ಸಲ ಸೂಜಿ ಹಾಕಿ, ದಾರವನ್ನು ಹೊಲಿಗೆಯಡಿ ಒಂದು ಸೆಂಟಿಮೀಟರಿನಷ್ಟು ಹಿಂದಕ್ಕೆ ಓಡಿಸಿ ಕತ್ತರಿಸುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. "ಎಲ್ಲಾ ಮಕ್ಳೂ ಹಾಗೇ ಮಾಡ್ತಾರೆ ಅಂದ್ಕೊಂಡೆ. ನಾನು ನೋಡಿದ್ದು ಒಂದೇ ಮಗೂನ."

ಕಳೆದ ಡಿಸೆಂಬರಿನಲ್ಲಿ ಮಗಳ ಐದನೆಯ ತರಗತಿಯ ಟೀಚರು, ಮಕ್ಕಳು ತಂದ ಉಡುಗೊರೆಗಳನ್ನೆಲ್ಲ ಒಂದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಇಪ್ಪತ್ತೆಂಟು ಇದ್ದವು. ಬೇರೆ ಬೇರೆ ಬಣ್ಣ, ಬೇರೆ ಬೇರೆ ಆಕಾರ. ಆದರೆ ಹತ್ತರಲ್ಲಿ ಕೊನೆಯ ಗಂಟು ಒಂದೇ ಬಗೆಯದು. ಒಂದು ದರ್ಜಿಯ ಮಗಳು ಸ್ವತಃ ಹೊಲಿದದ್ದು, ಉಳಿದ ಒಂಬತ್ತು ದರ್ಜಿ ಹೊಲಿದವು. ಟೀಚರಿಗೆ ಅದು ಗೊತ್ತಿರಲಿಲ್ಲ. ಈ ಹತ್ತನ್ನೂ ಹೊಲಿದವರು ಒಬ್ಬರೇ, ಯಾರದು ಎಂದು ಕೇಳಿದರು.

ಆ ಟೀಚರನ್ನು ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಕಂಡಾಗ ಅವರು ಮಾತಿಗೆ ಮುಂಚೆ ಕಿಟಕಿ ಮುಚ್ಚುತ್ತಾರೆ. "ಒಂಬತ್ತು ಮಕ್ಕಳು ತಲೆ ತಗ್ಗಿಸಿ ಕೂತಿದ್ರು. ಎದ್ದು ನಿಂತಿದ್ದು ಇವಳೊಬ್ಬಳೇ, ನಾನೇ ಮಾಡಿಕೊಟ್ಟೆ ಮಿಸ್ ಅಂದ್ಲು. ತಪ್ಪು ಮಾಡದೇ ಇರೋರು ಎದ್ದು ನಿಲ್ತಾರೆ ಅಂತ ನನಗೆ ಹೊಳೀಲೇ ಇಲ್ಲ. ಯಾಕೆ ಮಾಡಿಕೊಟ್ಟೆ ಅಂತ ಒಂದು ಮಾತು ಕೇಳಿದ್ರೂ ಸಾಕಿತ್ತು." ಅವಳ ಉಡುಗೊರೆಯನ್ನು ಮೇಜಿನಿಂದ ತೆಗೆದರು. ಡೈರಿಯಲ್ಲಿ ಬರೆದರು: ಹತ್ತು ಉಡುಗೊರೆಗಳಲ್ಲಿ ಒಂದೇ ಗಂಟು ಇದೆ, ಒಂಬತ್ತು ಸಹಪಾಠಿಗಳಿಗೆ ತಾನೇ ಹೊಲಿದುಕೊಟ್ಟುದಾಗಿ ನಿಮ್ಮ ಮಗಳು ಒಪ್ಪಿದ್ದಾಳೆ, ಇದು ಮೋಸ, ಓದಿ ಸಹಿ ಮಾಡಿ ಕಳುಹಿಸಿ.

ಮೇಜಿನ ಮೇಲಿನ ಗಂಟುಗಳನ್ನು ಕಂಡ ಕೂಡಲೇ ಅವು ತನ್ನವೇ ಎಂದು ಮಗಳಿಗೆ ಗೊತ್ತಾಗಿತ್ತು. ಅವು ಅಲ್ಲಿಗೆ ಹೇಗೆ ಬಂದವು ಎಂಬುದೂ ಗೊತ್ತಾಗಿತ್ತು. ಅಂದು, ಬುಧವಾರ ಸಂಜೆ, ಅವಳು ಡೈರಿಯನ್ನು ಇಸ್ತ್ರಿ ಮೇಜಿನ ಮೇಲೆ ತೆರೆದಿಟ್ಟಳು.

ಇಲ್ಲಿಂದ ಮುಂದಿನದನ್ನು ದರ್ಜಿ ದಬ್ಬಣ ಕೆಳಗಿಟ್ಟು ಹೇಳುತ್ತಾರೆ. "ಓದಿದೆ. ಸಹಿ ಹಾಕ್ದೆ."

ಅಂಗಡಿಯಲ್ಲಿ ಆ ಹೊತ್ತು ಹನ್ನೊಂದು ಉಡುಗೊರೆ ಬಾಕಿ ಇದ್ದವು. ಮಾತು ಕೊಟ್ಟಾಗಿತ್ತು, ಮುಗಿಸಿ ಶಾಲೆಗೆ ಹೋಗೋಣ ಎಂದುಕೊಂಡರಂತೆ. ಗುರುವಾರ ನಾಲ್ಕು, ಶುಕ್ರವಾರ ನಾಲ್ಕು, ಶನಿವಾರ ಮೂರು. ಆ ಹನ್ನೊಂದರಲ್ಲಿ ಐದು ಹತ್ತು ವರ್ಷದ ಮಕ್ಕಳವು. ಆ ಐದಕ್ಕೂ ಮಗಳ ಹತ್ತರ ತುಂಡನ್ನೇ ಮುಂದಿಟ್ಟುಕೊಂಡರು. "ಕೊನೇ ಗಂಟು ಮಾತ್ರ ಬದಲಾಯಿಸ್ದೆ. ಮಗಳ ಮೇಲೆ ಮೋಸದ ಅಪವಾದ ಬಂದಿದೆ, ನಾನು ಕೂತ್ಕೊಂಡು ಇನ್ನೊಂದ್ಸಲ ಸಿಕ್ಕಿಬೀಳದ ಹಾಗೆ ಹೊಲಿಯೋದು ಹೇಗೆ ಅಂತ ಕಲೀತಿದ್ದೆ. ಇದನ್ನ ನನ್ನ ಹೆಂಡತಿಗೂ ಹೇಳಿರ್ಲಿಲ್ಲ."

ಆ ನಾಲ್ಕು ದಿನ ಮನೆಯಲ್ಲಿ ಮಗಳು ಎಂದಿನಂತೆ ಉಂಡಳು, ಓದಿದಳು, ಅಪ್ಪ ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅದೇ ತಮಗೆ ತಡೆಯಲಾಗಲಿಲ್ಲ ಎನ್ನುತ್ತಾರೆ. ಸೋಮವಾರ ಶಾಲೆಗೆ ಹೋಗಿ, ಕಾರಿಡಾರಿನಲ್ಲಿ ಟೀಚರ ಮುಂದೆ ನಿಂತು, ಒಂಬತ್ತೂ ನನ್ನವು ಎಂದರು. ಯಾವ ಮಕ್ಕಳಿಗೆ ಎಂದು ಹೇಳಲಿಲ್ಲ, ಟೀಚರೂ ಕೇಳಲಿಲ್ಲ. ಟೀಚರು ತರಗತಿಯಲ್ಲಿ ಎಲ್ಲರೆದುರು ಅವಳ ಕ್ಷಮೆ ಕೇಳಿ, ಅವಳ ಉಡುಗೊರೆಯನ್ನು ಮತ್ತೆ ಮೇಜಿಗೆ ತಂದರು. ಅಷ್ಟು ಹೊತ್ತಿಗೆ ಮೇಜಿನ ಮೇಲೆ ಬೇರೇನೂ ಉಳಿದಿರಲಿಲ್ಲ. ಉಳಿದವನ್ನು ಶುಕ್ರವಾರವೇ ಎತ್ತಿಟ್ಟಾಗಿತ್ತು.

ಅಂದು ಸಂಜೆ ದರ್ಜಿ ಬಿಸ್ಕತ್ತಿನ ಡಬ್ಬಿಯನ್ನು ಮಗಳ ಕೈಗೆ ಕೊಟ್ಟರು. ಇನ್ನು ಮುಂದೆ ಇಂಥ ಕೆಲಸ ಮಾಡುವುದಿಲ್ಲ ಎಂದರು. ಅವಳು ಡಬ್ಬಿ ತೆಗೆದುಕೊಂಡಳು. ಎಲ್ಲಿಟ್ಟಳೋ ಇವರು ಕೇಳಿಲ್ಲ. ಕೆಲವು ದಿನದ ನಂತರ, ಹೊಸ ಬಟ್ಟೆ ಬಂದಿದೆ, ನಿನಗೊಂದು ಚೀಲ ಹೊಲಿದುಕೋ ಎಂದು ಕರೆದಾಗ ಅವಳು ಪುಸ್ತಕದಿಂದ ಕಣ್ಣೆತ್ತದೆ ಹೇಳಿದಳು: "ನನ್ನ ಕೈ ನಿನ್ನ ಹತ್ರಾನೇ ಇದೆಯಲ್ಲಪ್ಪ. ನೀನೇ ಹೊಲ್ಕೋ."

ಹನ್ನೊಂದು ತಿಂಗಳು ಅವಳು ಸೂಜಿ ಮುಟ್ಟಲಿಲ್ಲ. ಜುಲೈನಲ್ಲಿ ಶಾಲೆಯ ಸ್ಕರ್ಟಿನ ಅಂಚು ಬಿಚ್ಚಿತು. ಅಪ್ಪನಿಗೆ ಕೊಡಲಿಲ್ಲ, ತಾನೂ ಹೊಲಿಯಲಿಲ್ಲ, ಸ್ಟೇಪ್ಲರ್ ಪಿನ್ನು ಹೊಡೆದುಕೊಂಡು ಹೋದಳು. ಎಂಟು ಪಿನ್ನು. ದರ್ಜಿ ಅವನ್ನು ಎಣಿಸಿದ್ದು ಅವಳು ಅಂಗಡಿಯ ಮುಂದೆ ಹಾದುಹೋಗುವಾಗ. ಗಿರಾಕಿಗಳೂ ನೋಡಿದರು. "ದರ್ಜಿ ಮಗಳ ಬಟ್ಟೆಗೆ ಪಿನ್ನು ಅಂತ ಒಬ್ರು ನಕ್ರು. ಸುಮ್ನೆ ನಾನೂ ನಕ್ಕೆ."

ಈ ವರ್ಷ ನವೆಂಬರಿನಿಂದಲೇ ಹಿಂದೆ ಹೊಲಿಸಿಕೊಂಡಿದ್ದ ತಾಯಿ ತಂದೆಯರು ಬರತೊಡಗಿದ್ದಾರೆ. ಹೊಲಿದುಕೊಡುವುದಿಲ್ಲ, ತೂತು ಹಾಕಿದ ತುಂಡು ಕೊಡುತ್ತೇನೆ, ಮಗು ಇಲ್ಲೇ ಬಂದು ಕೂತರೆ ಮೊದಲ ನಾಲ್ಕು ಹೊಲಿಗೆ ತೋರಿಸುತ್ತೇನೆ ಎಂದರೆ ಹಲವರು ಹಾಗೇ ಹಿಂತಿರುಗುತ್ತಾರೆ. ಬೆಳಿಗ್ಗೆ ಆರೂವರೆಗೆ ಓಟದ ಬೂಟು ಹಾಕಿಕೊಂಡು ಬಂದ ತಂದೆಯೊಬ್ಬರು ಶಟರಿನಡಿ ಬಗ್ಗಿ ವಾದಕ್ಕಿಳಿಯುತ್ತಾರೆ.

"ದರ್ಜಿಯಣ್ಣ, ನಮ್ಮ ಹುಡುಗಿ ಹೊಲಿದ್ರೆ ಚೆನ್ನಾಗಿರಲ್ಲ ಕಣ್ರಿ."

"ನಾನು ಹೊಲಿದಿದ್ದೂ ಚೆನ್ನಾಗಿರ್ಲಿಲ್ಲ ಸಾರ್. ಅದಕ್ಕೇ ತಾನೆ ನೀವು ತಗೊಂಡಿದ್ದು."

ಆತ ಒಂದು ಲಕೋಟೆ ತೆಗೆದುಕೊಂಡು ಹೋಗುತ್ತಾರೆ. ಇಪ್ಪತ್ತನಾಲ್ಕನೆಯದು.

ಏಳು ಗಂಟೆ ಐದು ನಿಮಿಷಕ್ಕೆ ಮಗಳು ಬರುತ್ತಾಳೆ. ಎರಡು ವಾರದಿಂದ ಹೀಗೆ ಬರುತ್ತಿದ್ದಾಳೆ. ಮೊದಲ ದಿನ ಸೂಜಿ ಕೊಡು ಎಂದಾಗ ದರ್ಜಿ ಏಕೆ ಎಂದು ಕೇಳದೆ ಕೊಟ್ಟರು. ಅವಳು ಒಂದು ಷರತ್ತು ಹಾಕಿದಳು: ನಾನು ಹೊಲಿಯುವಾಗ ನೀನು ನೋಡಬಾರದು, ಹೊಲಿದದ್ದನ್ನೂ ನೋಡಬಾರದು. ಅವಳು ಶಾಲೆಯ ಚೀಲ ಇಳಿಸಿ ಪರದೆಯ ಹಿಂದೆ ಕೂರುತ್ತಾಳೆ. ದರ್ಜಿ ತಮ್ಮ ಸ್ಟೂಲನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಯಂತ್ರ ಓಡಿಸುತ್ತಾರೆ. ಪರದೆ ಮೇಜಿಗಿಂತ ಸ್ವಲ್ಪ ಮೇಲಕ್ಕೇ ಮುಗಿಯುತ್ತದೆ, ಕುತ್ತಿಗೆ ತುಸು ಹೊರಳಿಸಿದರೆ ಕೈ ಕಾಣುತ್ತದೆ. ಇಪ್ಪತ್ತು ನಿಮಿಷ ಅವರು ಹೊರಳಿಸುವುದಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದ್ದಕ್ಕೆ ಗೋಡೆಗೆ ಮುಖ ಮಾಡಿಯೇ ಹೇಳುತ್ತಾರೆ. "ಅವಳು ಹೇಗೆ ಹೊಲೀತಾಳೆ ಅಂತ ನನಗೆ ಗೊತ್ತಾಗ್ದೇ ಇದ್ರೆ ಸಾಕು."

ಹೊರಡುವ ಮುಂಚೆ ಮಗಳು ವರದಿಗಾರನನ್ನು ಪರದೆಯಾಚೆಗೆ ಕರೆದು, ಕೆಲಸವನ್ನು ಎರಡು ಅಂಗೈ ನಡುವೆ ಹಿಡಿದು ತೋರಿಸುತ್ತಾಳೆ. ಯಾರಿಗೆ ಎಂದರೆ ಗದ್ದದಿಂದ ಯಂತ್ರದ ಸದ್ದಿನ ಕಡೆಗೆ ತೋರುತ್ತಾಳೆ. ಆಮೇಲೆ ಬರೆದುಕೊಳ್ಳುತ್ತಿದ್ದ ಪುಸ್ತಕವನ್ನು ನೋಡುತ್ತಾಳೆ. "ಏನು ಅಂತ ಬರೀಬೇಡಿ. ಬಣ್ಣಾನೂ ಬೇಡ. ಹೊಲಿಗೆ ಹೇಗಿದೆ ಅಂತ ಬರೀಲೇಬೇಡಿ, ಅಪ್ಪ ಪೇಪರ್ ಓದ್ತಾರೆ." ಮತ್ತೇನು ಬರೆಯಬಹುದು ಎಂದು ಕೇಳಿದರೆ ಸ್ವಲ್ಪ ಯೋಚಿಸಿ, ಬೇಕಾದರೆ ಉದ್ದ ಬರೆದುಕೊಳ್ಳಿ ಎಂದು ಅಳತೆಪಟ್ಟಿಯ ಒಂದು ತುದಿಯನ್ನು ತಾನೇ ಹಿಡಿಯುತ್ತಾಳೆ.

ಹದಿನೇಳೂವರೆ ಸೆಂಟಿಮೀಟರ್.