ಹೆಸರು ಬರೆದ ತಟ್ಟೆ

ಹೆಸರು ಹೇಳಿದರೆ ಔಷಧ ಸಾಯುತ್ತದೆ ಎಂದನೋ, ಮುನಿಸಿಕೊಳ್ಳುತ್ತದೆ ಎಂದನೋ, ಗಿಡಮೂಲಿಕೆ ಕೊಡುತ್ತಿದ್ದ ಅನಗವಾಡಿಯ ಅಜ್ಜನ ಮಾತು ಅರ್ಧ ಮರೆತಿದ್ದೆ. ಇವತ್ತು ಅದು ಮನೆಗೇ ಬಂತು, ಗೆಳೆಯರೇ.

ಅವನು ತೋರಿಸಿದ ಒಣಗುಡ್ಡದ ಗಿಡವೊಂದರ ಎಲೆಯನ್ನು ಅವ್ವ ಇಂದಿಗೂ ಕುರುವಿಗೆ ಅರೆದು ಹಚ್ಚುತ್ತಾಳೆ. ಹೆಸರು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ತಂಗಿಯ ಮಗಳು ಸವಿತಾ ಎಂ.ಎಸ್ಸಿ. ಪ್ರಾಜೆಕ್ಟಿಗೆ ಅದನ್ನೇ ಆರಿಸಿಕೊಂಡಳು. ಹೋದ ವಾರ ಜಮಖಂಡಿಯ ಲ್ಯಾಬಿನಲ್ಲಿ, ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಯೊಳಗೆ ಎಲೆಯ ರಸದಲ್ಲಿ ಅದ್ದಿದ ಕಾಗದದ ಚೂರು ಇಟ್ಟಿದ್ದಳು. ಸುತ್ತಲಿನವೆಲ್ಲ ಸತ್ತು ಬಳೆಯಷ್ಟು ಜಾಗ ಖಾಲಿಯಾಗಿತ್ತು.

“ಹೆಸರಿಲ್ಲದ ಗಿಡಕ್ಕ ಮಾರ್ಕ್ಸ್ ಕೊಡಾಕ ಬರೂದಿಲ್ಲ,” ಎಂದರು ಅವಳ ಸರ್. ಅವಳು ಪುಸ್ತಕ ಹುಡುಕಿ ಹೆಸರು ಪತ್ತೆಹಚ್ಚಿ, ಅದೇ ರಸದ ಚೂರಿಟ್ಟ ಹೊಸ ತಟ್ಟೆಯ ಮುಚ್ಚಳದ ಮೇಲೆ ದಪ್ಪಗೆ ಬರೆದಿಟ್ಟಳು. ಇವತ್ತು ತೆಗೆದು ನೋಡಿದರೆ ಬ್ಯಾಕ್ಟೀರಿಯಾ ಚೂರಿನ ಅಂಚಿನವರೆಗೂ ಹುಲುಸಾಗಿ ಬೆಳೆದಿವೆ.

ಫೋನು ಬಂತು. ಸ್ಪೀಕರ್ ಹಾಕಿದೆ.

“ಮಾಮಾ, ಸೋಮವಾರ ಪ್ರಾಜೆಕ್ಟ್ ಒಪ್ಪಸಬೇಕ್ರಿ. ರಸ ಹಳೇದಾಗಿರಬೇಕು ಅಂತಾರ ಸರ್.”

ಶೇಂಗಾ ಸುಲಿಯುತ್ತಿದ್ದ ಅವ್ವ ತಲೆ ಎತ್ತಿದಳು. “ಹೆಸರ ಬರದೀಯೇನಬೇ? ಮೊದಲ ಅಳಸು.”

“ಆಯಿ, ಕ್ರಿಮಿಗಳಿಗೇನ ಓದಾಕ ಬರ್ತೈತೇನ?”

“ಬರೂದಿಲ್ಲಂದ್ರ ಯಾರ ಸಲುವಾಗಿ ಬರದಿ?”

ಸವಿತಾ ಫೋನಿಟ್ಟಳು. ಸಂಜೆ ಮೆಸೇಜು ಬಂತು: ಹೊಸ ರಸ ತೆಗೆದು ಎರಡು ತಟ್ಟೆ ಇಟ್ಟಿದ್ದಾಳಂತೆ, ಒಂದಕ್ಕೆ ಹೆಸರಿದೆ, ಇನ್ನೊಂದಕ್ಕೆ ಇಲ್ಲ. ಸರ್‌ಗೆ ಹೇಳಿಲ್ಲ.

ನಾನೂ ಇಲ್ಲಿ ಹೆಸರು ಬರೆದಿಲ್ಲ, ಗಮನಿಸಿ. ಸೋಮವಾರದವರೆಗೆ ಅಪಾಯ ಬೇಡ.

ಅಜ್ಜಾ, ಸಾಲಿ ಕಟ್ಟೆ ಹತ್ತದ ನೀನು ಈ ಕ್ರಿಮಿಗಳಿಗೆ ಅಕ್ಷರ ಕಲಿಸಿದ್ದು ಯಾವಾಗ?