ಟಾಕೀಸಿನ ಮದುವೆಯಲ್ಲಿ ಕುರ್ಚಿ ಕ್ಲಾಸಿನ ಬೀಗರು

ಗೆಳೆಯರೇ, ನಮ್ಮ ಶಿಡ್ಲಘಟ್ಟದ ಟಾಕೀಸಿನಲ್ಲಿ ಇವತ್ತು ಬೆಳಿಗ್ಗೆ ನಡೆದದ್ದು ಸಿನಿಮಾ ಅಲ್ಲ, ನನ್ನ ಅಕ್ಕನ ಮಗಳ ಮದುವೆ. ಊರಿನ ಛತ್ರ ಸಿಗಲಿಲ್ಲ. ಮ್ಯಾಟಿನಿಗೆ ಮೊದಲು ಖಾಲಿ ಮಾಡಬೇಕೆಂಬ ಷರತ್ತಿನ ಮೇಲೆ ಟಾಕೀಸಿನ ಮಾಲೀಕರು ಜಾಗ ಕೊಟ್ಟರು. ಪರದೆಯ ಮುಂದೆ ಮಂಟಪ ಕಟ್ಟಿಸಿ, ಅದರ ಎದುರಿಗೇ ಬೀಗರಿಗೆಂದು ಹೊಸ ಜಮಖಾನ ಹಾಸಿದ್ದೆವು.

ಇನ್ನೇನು ಮುಹೂರ್ತ ಅನ್ನುವಾಗ, ಗೌರಿಬಿದನೂರಿನಿಂದ ಬಂದಿದ್ದ ಗಂಡಿನ ತಂದೆ ಆ ಜಮಖಾನ ನೋಡಿ ಕೆರಳಿದರು.

"ನಾವೇನು ಅಗ್ಗದ ನೆಲದ ಟಿಕೆಟ್ನೋರಾ? ಏಳೋ ಮೇಲೆ, ಹೋಗಣ!"

ಮದುಮಗ ಹಸೆಮಣೆಯಿಂದ ಅರ್ಧ ಎದ್ದೇಬಿಟ್ಟ. ಅಕ್ಕ ನನ್ನ ತೋಳು ಹಿಡಿದುಕೊಂಡಳು.

"ಬೀಗ್ರೇ, ಹಿಂದಿನ ಕುರ್ಚಿ ಮೇಲು ಅನ್ನೋದು ಸಿನಿಮಾಗೆ. ಮದುವೆಗೆ ಮುಂದಿನ ಜಾಗಾನೇ ಅಲ್ವಾ ಮೇಲು?" ಎಂದೆ.

"ಅದೆಲ್ಲ ಬೇಡ. ಕುರ್ಚಿ ಇಲ್ದಿದ್ರೆ ತಾಳಿನೂ ಇಲ್ಲ!"

ಕುರ್ಚಿಗಳನ್ನು ಸಾಲಾಗಿ ನೆಲಕ್ಕೆ ಬಿಗಿದಿದ್ದರು. ಮುಂದಕ್ಕೆ ತರುವ ಹಾಗಿರಲಿಲ್ಲ. ಕೊನೆಗೆ ಕೈಮುಗಿದು ಬೀಗರನ್ನೇ ಹಿಂದಕ್ಕೆ ಕರೆದೊಯ್ದು ಕೂರಿಸಿದೆ. ಮದುಮಗನೂ ಕೂತ.

ಗಟ್ಟಿಮೇಳ ಮೊಳಗಿತು. ಜಮಖಾನದ ಮೇಲಿದ್ದವರೆಲ್ಲ ಅಕ್ಷತೆ ಹಿಡಿದು ಎದ್ದು ನಿಂತರು. ಆಗ ಹಿಂದಿನಿಂದ ಬೀಗರ ಕೂಗು ಕೇಳಿತು.

"ಮುಂದಿರೋರು ಕೂತ್ಕೊಳ್ರಪ್ಪಾ! ನಂಗೇನೂ ಕಾಣಿಸ್ತಿಲ್ಲ!"

ಯಾರೂ ಕೂರಲಿಲ್ಲ. ಬೀಗರು ಕುರ್ಚಿ ಹತ್ತಿ ನಿಲ್ಲುವಷ್ಟರಲ್ಲಿ ಅವರ ಮಗ ಮೂರನೇ ಗಂಟನ್ನೂ ಹಾಕಿಯಾಗಿತ್ತು.

ಪಾಪ, ಮದುವೆಗೆ ಸೆಕೆಂಡ್ ಶೋ ಇರುವುದಿಲ್ಲ.